ಚಳಿ ನುಂಗುವ ಕಿಲೋಮೀಟರುಗಳು

2024ರ ಜನವರಿ ಮಧ್ಯದಲ್ಲಿ ಶಿಕಾಗೊದ ಉಷ್ಣತೆ ಮೈನಸ್ 20 ಡಿಗ್ರಿಯ ಆಸುಪಾಸಿಗೆ ಇಳಿಯಿತು. ಊರಾಚೆಯ ಓಕ್ ಬ್ರೂಕ್‌ನ ಚಾರ್ಜಿಂಗ್ ನಿಲ್ದಾಣದಲ್ಲಿ ಟೆಸ್ಲಾ ಕಾರುಗಳು ಸಾಲುಗಟ್ಟಿದವು. ಕೆಲವು ಸರದಿ ಬರುವ ಮೊದಲೇ ಚಾರ್ಜ್ ಖಾಲಿಯಾಗಿ ನಿಂತಲ್ಲೇ ನಿಂತವು, ಅವನ್ನು ಬೇರೆ ವಾಹನ ಕಟ್ಟಿ ಎಳೆದೊಯ್ಯಬೇಕಾಯಿತು. ಆ ದೃಶ್ಯಗಳು ಲೋಕವೆಲ್ಲ ಸುತ್ತಿದವು. ಅದೇ ತಿಂಗಳ ಮೊದಲ ವಾರದಲ್ಲಿ ಉತ್ತರ ನಾರ್ವೆಯ ಕೌಟೊಕೆಯ್ನೊದಲ್ಲಿ ಉಷ್ಣತೆ ಮೈನಸ್ 43ಕ್ಕೆ ಕುಸಿದಿತ್ತು. ಹಾಗಿದ್ದೂ ಆ ವರ್ಷ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಬ್ಯಾಟರಿ ಕಾರುಗಳು. ಸೆಪ್ಟೆಂಬರ್ ಹೊತ್ತಿಗೆ ಆ ದೇಶದಲ್ಲಿ ನೋಂದಣಿಯಾದ ಬ್ಯಾಟರಿ ಕಾರುಗಳ ಸಂಖ್ಯೆ ಪೆಟ್ರೋಲ್ ಕಾರುಗಳನ್ನು ಹಿಂದೆ ಹಾಕಿತ್ತು.

ಚಳಿಗೆ ಬ್ಯಾಟರಿ ಕಾರು ಆಗಿಬರದು ಎನ್ನುವವರು ಶಿಕಾಗೊ ಕಡೆ ಬೆರಳು ತೋರಿಸುತ್ತಾರೆ, ಧಾರಾಳವಾಗಿ ಆಗುತ್ತದೆ ಎನ್ನುವವರು ನಾರ್ವೆಯ ಕಡೆ. ಎರಡೂ ನಡೆದ ಸಂಗತಿಗಳೇ. ಒಂದೇ ಬಗೆಯ ಯಂತ್ರ ಒಂದೇ ಬಗೆಯ ಚಳಿಯಲ್ಲಿ ಒಂದೆಡೆ ಸೋತು ಇನ್ನೊಂದೆಡೆ ಗೆಲ್ಲುವುದು ಹೇಗೆ? 'ಚಳಿಯಲ್ಲಿ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಎಷ್ಟು ಕಡಿಮೆಯಾಗುತ್ತದೆ' ಎಂದು ಕೇಳಿದರೆ ಕೆಲವರು ಹತ್ತು ಶೇಕಡ ಎನ್ನುತ್ತಾರೆ, ಕೆಲವರು ಐವತ್ತು. ಅವರು ಅಳೆದದ್ದು ಬೇರೆ ಬೇರೆ ವಸ್ತುಗಳನ್ನು ಎಂಬುದು ನನ್ನ ಅನಿಸಿಕೆ.

ಹಳೆಯ ದೂರು

ಈ ದೂರು ಲಿಥಿಯಂ ಬರುವುದಕ್ಕೆ ಬಹಳ ಹಿಂದಿನದು. 1910ರ ದಶಕದಲ್ಲಿ ಅಮೆರಿಕದ ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಾರನ್ನು ಸೀಸ-ಆಮ್ಲದ ಬ್ಯಾಟರಿಯ ಬದಲು ಥಾಮಸ್ ಎಡಿಸನ್‌ರ ನಿಕ್ಕಲ್-ಕಬ್ಬಿಣ ಬ್ಯಾಟರಿಯ ಜೊತೆಗೂ ಕೊಳ್ಳಬಹುದಿತ್ತು. ದಶಕಗಟ್ಟಲೆ ಬಾಳುವ ಗಟ್ಟಿ ವಸ್ತು ಅದು, ಆದರೆ ಚಳಿಯಲ್ಲಿ ಸೊರಗುತ್ತಿತ್ತು. ಸೀಸ-ಆಮ್ಲದ್ದೂ ಹೆಚ್ಚು ಕಡಿಮೆ ಅದೇ ಕಥೆ: ಮೈನಸ್ 18 ಡಿಗ್ರಿಯ ಹೊತ್ತಿಗೆ ಅದರ ಸಾಮರ್ಥ್ಯ ಅರ್ಧದ ಹತ್ತಿರಕ್ಕೆ ಬರುತ್ತದೆ. 1996ರಲ್ಲಿ ಜನರಲ್ ಮೋಟರ್ಸ್ 'ಇವಿ1' ಹೊರತಂದಾಗ ಮೊದಲು ಅದನ್ನು ಗುತ್ತಿಗೆಗೆ ಕೊಟ್ಟದ್ದು ಲಾಸ್ ಏಂಜಲೀಸ್, ಫೀನಿಕ್ಸ್, ಟೂಸಾನ್‌ನಂಥ ಬಿಸಿಲೂರುಗಳಲ್ಲಿ. ಇಂದು ಚಳಿಗೆ ರಾಮಬಾಣ ಎಂದು ಜಾಹೀರಾತಾಗುವ ಹೀಟ್ ಪಂಪ್ ಆ ಕಾರಿನಲ್ಲಿ ಆಗಲೇ ಇತ್ತು.

ನಾರ್ವೆಯ ದಾರಿ ಬೇರೆ. 1989ರಲ್ಲಿ 'ಎ-ಹಾ' ಸಂಗೀತ ತಂಡದ ಮಾರ್ಟನ್ ಹಾರ್ಕೆಟ್ ಮತ್ತು ಮಾಗ್ನೆ ಫುರುಹೋಲ್ಮೆನ್, 'ಬೆಲೋನಾ' ಪರಿಸರ ಸಂಸ್ಥೆಯ ಫ್ರೆಡ್ರಿಕ್ ಹೌಗೆ ಜೊತೆ ಸೇರಿ, ವಿದ್ಯುತ್ತಿಗೆ ಮಾರ್ಪಡಿಸಿದ ಒಂದು ಫಿಯಟ್ ಪಾಂಡಾ ತರಿಸಿ, ಟೋಲ್ ಕಟ್ಟದೆ ಓಡಿಸಿ ದಂಡ ಹಾಕಿಸಿಕೊಂಡರು. ಗಲಾಟೆ ಫಲ ಕೊಟ್ಟಿತು. 1990ರ ದಶಕದಲ್ಲಿ ಆಮದು ತೆರಿಗೆ ಮತ್ತು ಟೋಲ್ ವಿನಾಯಿತಿ, 2001ರಲ್ಲಿ ವ್ಯಾಟ್ ವಿನಾಯಿತಿ ಬಂದವು. ರಿಯಾಯಿತಿಯ ಆಸೆಗೆ ಜನ ಮೊದಮೊದಲು ಕೊಂಡದ್ದು ತೀರಾ ಪುಟ್ಟ, ಅಷ್ಟೇನೂ ಬೆಚ್ಚಗಿರದ ಕಾರುಗಳನ್ನು: ಥಿಂಕ್, ಬಡ್ಡಿ. ಚೇತನ್ ಮೈನಿಯವರ ಸಂಸ್ಥೆ 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಸಿದ ರೇವಾ ಕೂಡ ಆ ಸಾಲಿಗೆ ಸೇರಿತು. ಡಿಸೆಂಬರಿನಲ್ಲಿ ಒಂದು ಸ್ವೆಟರ್ ಸಾಕಾಗುವ ಊರಿನ ಕಾರು ಆಸ್ಲೊದ ಹಿಮದಲ್ಲಿ ಓಡಾಡಿತು. ಹೀಗಾಗಿ ನಾರ್ವೆಯವರು ಚಳಿಯ ನಷ್ಟವನ್ನು ಜಾಹೀರಾತು ನೋಡಿ ತಿಳಿಯಬೇಕಾಗಲಿಲ್ಲ. ದೊಡ್ಡ ಬ್ಯಾಟರಿಯ ಕಾರುಗಳು ಬರುವ ವೇಳೆಗೆ ಅಲ್ಲಿ ಹಲವು ಚಳಿಗಾಲಗಳ ಅನುಭವ ಸೇರಿಹೋಗಿತ್ತು.

ದೋಷ ಬ್ಯಾಟರಿಯದು ಎನ್ನುವವರು

ಮೊದಲ ಪಂಗಡ ರಸಾಯನಶಾಸ್ತ್ರದ್ದು. ಲಿಥಿಯಂ ಬ್ಯಾಟರಿಯಲ್ಲಿ ಅಯಾನುಗಳು ಎಲೆಕ್ಟ್ರೊಲೈಟ್ ದ್ರವದ ಮೂಲಕ ಒಂದು ತುದಿಯಿಂದ ಇನ್ನೊಂದಕ್ಕೆ ಈಜಬೇಕು, ಅಲ್ಲಿ ಗ್ರಾಫೈಟ್‌ನ ಪದರಗಳೊಳಗೆ ನುಸುಳಬೇಕು. ಚಳಿ ಹೆಚ್ಚಿದಂತೆ ಆ ದ್ರವ ಮಾಗಿ ಕಾಲದ ಹರಳೆಣ್ಣೆಯ ಹಾಗೆ ಮಂದವಾಗುತ್ತದೆ, ನುಸುಳುವ ಕ್ರಿಯೆಯೂ ನಿಧಾನವಾಗುತ್ತದೆ. ಒಳಗಿನ ಪ್ರತಿರೋಧ ಏರುತ್ತದೆ, ಒಂದಷ್ಟು ಶಕ್ತಿ ಬ್ಯಾಟರಿಯೊಳಗೇ ಬಿಸಿಯಾಗಿ ಪೋಲಾಗುತ್ತದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ವೋಲ್ಟೇಜ್ ಕುಸಿಯುತ್ತದೆ, ಕಾರು ತನ್ನನ್ನು ಕಾಪಾಡಿಕೊಳ್ಳಲು ಬಲವನ್ನು ಕಡಿತ ಮಾಡುತ್ತದೆ.

ಇದರಲ್ಲಿ ಎರಡು ಮಾತು ಬೇರೆ ಮಾಡಿಕೊಳ್ಳಬೇಕು. ಡಿಸ್ಚಾರ್ಜ್ ಆಗುವಾಗಿನ ನಷ್ಟ ತಾತ್ಕಾಲಿಕ. ಬ್ಯಾಟರಿ ಬೆಚ್ಚಗಾದರೆ ಸಾಮರ್ಥ್ಯ ಮರಳುತ್ತದೆ. ಚಾರ್ಜ್ ಮಾಡುವಾಗಿನ ತೊಂದರೆ ಹಾಗಲ್ಲ. ಶೂನ್ಯಕ್ಕಿಂತ ಕೆಳಗಿರುವ ಬ್ಯಾಟರಿಗೆ ವೇಗವಾಗಿ ವಿದ್ಯುತ್ ತುಂಬಿದರೆ ಲಿಥಿಯಂ ಗ್ರಾಫೈಟ್‌ನ ಒಳಹೋಗುವ ಬದಲು ಅದರ ಮೇಲೆ ಲೋಹವಾಗಿ ಲೇಪಗೊಳ್ಳುತ್ತದೆ. ಅದರಲ್ಲಿ ಒಂದು ಭಾಗ ಮತ್ತೆಂದೂ ಕೆಲಸಕ್ಕೆ ಬರುವುದಿಲ್ಲ, ಲೇಪ ಬೆಳೆದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಆದ್ದರಿಂದಲೇ ತಣ್ಣಗಿನ ಕಾರು ಫಾಸ್ಟ್ ಚಾರ್ಜರ್‌ಗೆ ಬಂದರೂ ವಿದ್ಯುತ್ತನ್ನು ಸಣ್ಣಗೆ ಗುಟುಕರಿಸುತ್ತದೆ. ಶಿಕಾಗೊದ ಸಾಲು ಬೆಳೆದದ್ದಕ್ಕೆ ಇದೂ ಒಂದು ಕಾರಣ: ದಾರಿಯಲ್ಲೇ ಬ್ಯಾಟರಿ ಬಿಸಿಮಾಡಿಕೊಂಡು ಬರದ ಕಾರುಗಳು ಚಾರ್ಜರ್ ಮುಂದೆ ದುಪ್ಪಟ್ಟು ಹೊತ್ತು ನಿಂತವು, ಹಿಂದಿನವರು ಕಾದರು, ಕಾಯುವವರೂ ಹೀಟರ್ ಹಾಕಿಕೊಂಡೇ ಕಾದರು.

ಬ್ಯಾಟರಿಯ ಜಾತಿಯೂ ಲೆಕ್ಕಕ್ಕಿದೆ. ಈಗ ಅಗ್ಗದ ಕಾರುಗಳಲ್ಲೆಲ್ಲ ಬರುತ್ತಿರುವ ಎಲ್‌ಎಫ್‌ಪಿ, ಅಂದರೆ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿ, ನಿಕ್ಕಲ್ ಬೆರೆತದ್ದಕ್ಕಿಂತ ಹೆಚ್ಚು ಬಾಳುತ್ತದೆ, ಬೆಂಕಿಯ ಭಯವೂ ಕಡಿಮೆ. ಚಳಿಗೆ ಮಾತ್ರ ಅದು ಬೇಗ ಮಣಿಯುತ್ತದೆ. ಚಾರ್ಜ್ ಇಳಿದರೂ ಅದರ ವೋಲ್ಟೇಜ್ ಬಹುಹೊತ್ತು ಒಂದೇ ಮಟ್ಟದಲ್ಲಿ ಇರುವುದರಿಂದ ಎಷ್ಟು ಉಳಿದಿದೆ ಎಂದು ಅಂದಾಜಿಸುವುದು ಕಾರಿಗೇ ಕಷ್ಟ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಚಳಿಯ ಬೆಳಿಗ್ಗೆ ಇದ್ದಕ್ಕಿದ್ದಂತೆ ಇಳಿಯುವುದಕ್ಕೆ ಇದೂ ಕಾರಣ.

ದೋಷ ಹೀಟರಿನದು ಎನ್ನುವವರು

ಎರಡನೆಯ ಪಂಗಡದ ವಾದ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. 2019ರಲ್ಲಿ ಅಮೆರಿಕದ ವಾಹನ ಮಾಲೀಕರ ಸಂಘ 'ಎಎಎ' ಐದು ಕಾರುಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿತು. ಮೈನಸ್ 6.7 ಡಿಗ್ರಿಯಲ್ಲಿ ಹೀಟರ್ ಇಲ್ಲದೆ ಓಡಿಸಿದಾಗ ರೇಂಜ್ ಸರಾಸರಿ 12 ಶೇಕಡ ಕಡಿಮೆಯಾಯಿತು, ಹೀಟರ್ ಹಾಕಿದಾಗ 41 ಶೇಕಡ. ಟೆಸ್ಲಾ ಆ ಫಲಿತಾಂಶವನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ಎರಡು ಅಂಕಿಗಳ ನಡುವಿನ ಅಂತರವೇ ಸಾಕ್ಷಿ: ದೊಡ್ಡ ಕಳ್ಳ ಬ್ಯಾಟರಿಯೊಳಗೆ ಇಲ್ಲ, ನಮ್ಮ ಕಾಲ ಬುಡದಲ್ಲಿ ಬಿಸಿಗಾಳಿ ಊದುವ ಕಿಂಡಿಯಲ್ಲಿ ಇದ್ದಾನೆ.

ಪೆಟ್ರೋಲ್ ಕಾರಿನವರಿಗೆ ಈ ಖರ್ಚು ಕಾಣಿಸದಿರುವುದು ಆ ಎಂಜಿನ್ನಿನ ಅದಕ್ಷತೆಯಿಂದ. ಸುಟ್ಟ ಇಂಧನದ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿ ಬಿಸಿಯಾಗಿಯೇ ಹೋಗುತ್ತದೆ. ಅದರಲ್ಲೊಂದು ಚೂರನ್ನು ತಿರುಗಿಸಿ ಒಳಗೆ ಬಿಟ್ಟರೆ ಕಾರು ಪುಕ್ಕಟೆ ಬೆಚ್ಚಗಾಗುತ್ತದೆ. ಮೋಟಾರಿನಲ್ಲಿ ಅಂಥ ಪೋಲು ಬಿಸಿ ಇಲ್ಲ, ಬೇಕೆಂದರೆ ಬ್ಯಾಟರಿಯಿಂದಲೇ ತೆಗೆಯಬೇಕು. ಹಾಗಂತ ಪೆಟ್ರೋಲ್ ಕಾರು ಚಳಿಗೆ ಪೂರಾ ಜಗ್ಗದೆಯೂ ಇಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ಅದೇ ಮೈನಸ್ 7ರಲ್ಲಿ ಊರೊಳಗೆ ಓಡಾಡುವ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು 15 ಶೇಕಡ ಇಳಿಯುತ್ತದೆ, ಹೈಬ್ರಿಡ್‌ದು 30ಕ್ಕೂ ಹೆಚ್ಚು.

ಹೀಟರಿನ ಖರ್ಚಿನ ಸ್ವಭಾವವನ್ನು ಇನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ಗೊಂದಲದ ಬೇರು ಇಲ್ಲಿದೆ. ಮೋಟಾರು ವಿದ್ಯುತ್ತನ್ನು ಕಿಲೋಮೀಟರಿನ ಲೆಕ್ಕದಲ್ಲಿ ತಿನ್ನುತ್ತದೆ, ಹೀಟರು ಗಂಟೆಯ ಲೆಕ್ಕದಲ್ಲಿ. ಕಾರು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡಲು 18 ಕಿಲೋವ್ಯಾಟ್ ಬೇಕು, ಹೀಟರಿಗೆ 3 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ಹೆಚ್ಚುವರಿ ಹೊರೆ ಆರರಲ್ಲಿ ಒಂದು ಪಾಲು. ಅದೇ ಕಾರು ಗಂಟೆಗೆ ಐವತ್ತರಂತೆ ಹೋದರೆ 7.5 ಕಿಲೋವ್ಯಾಟ್ ಸಾಕು, ಆದರೆ ಹೀಟರಿನ ಮೂರು ಮೂರೇ. ಹೊರೆ 40 ಶೇಕಡ. ಇನ್ನು ಆರು ಕಿಲೋಮೀಟರ್ ದೂರದ ಅಂಗಡಿಗೆ ಹದಿನೈದು ನಿಮಿಷ ಹೋಗುವುದಾದರೆ? ಹೆಪ್ಪುಗಟ್ಟಿದ ಸೀಟು, ಗಾಜು, ಗಾಳಿ ಎಲ್ಲವನ್ನೂ ಬಿಸಿ ಮಾಡಲು ಹೀಟರು ಆ ಹೊತ್ತಿನಲ್ಲಿ 5 ಕಿಲೋವ್ಯಾಟ್ ಎಳೆದರೂ ಒಂದೂಕಾಲು ಯೂನಿಟ್ ಆಯಿತು. ಕಾರು ಓಡಲು ಖರ್ಚಾದದ್ದು ಒಂದೇ ಯೂನಿಟ್. ಬ್ಯಾಟರಿ ಎರಡು ಪಟ್ಟು ಬೇಗ ಇಳಿಯಿತು ಎಂದು ಆ ಕಾರಿನವರು ದೂರಿದರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಮುನ್ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿದವರು 'ಇಪ್ಪತ್ತು ಶೇಕಡ ಅಷ್ಟೇ' ಎಂದರೆ ಅದೂ ನಿಜ.

ಇದಕ್ಕೆ ಮದ್ದು ಎಂದು ಬಂದದ್ದು ಹೀಟ್ ಪಂಪ್. ಎ.ಸಿ.ಯನ್ನು ತಿರುಗುಮುರುಗು ಓಡಿಸಿದಂತೆ ಅದು ಹೊರಗಿನ ತಣ್ಣನೆ ಗಾಳಿಯಿಂದಲೂ ಶಾಖ ಎತ್ತಿ ಒಳಗೆ ತರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖ. ರೆನೊ ಜೋಯಿ, ನಿಸ್ಸಾನ್ ಲೀಫ್‌ಗಳಲ್ಲಿ 2013ರ ಸುಮಾರಿಗೆ ಬಂತು, 2020ರಲ್ಲಿ ಟೆಸ್ಲಾ ಮಾಡೆಲ್ ವೈ ಜೊತೆ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ. ಆದರೆ ಮೈನಸ್ ಹದಿನೈದು ಇಪ್ಪತ್ತು ಡಿಗ್ರಿ ತಲುಪುವ ಹೊತ್ತಿಗೆ ಅದರ ಲಾಭ ಬಹುಮಟ್ಟಿಗೆ ಕರಗಿರುತ್ತದೆ, ಅಂದರೆ ಅತಿ ಹೆಚ್ಚು ಬೇಕಾದ ದಿನವೇ ಅದು ಅತಿ ಕಡಿಮೆ ಒದಗುತ್ತದೆ. 2022ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 26,000ಕ್ಕೂ ಹೆಚ್ಚು ಟೆಸ್ಲಾ ಕಾರುಗಳ ತಂತ್ರಾಂಶವನ್ನು ಸರಿಪಡಿಸಬೇಕಾಯಿತು. ಹೀಟ್ ಪಂಪಿನ ಒಂದು ದೋಷದಿಂದ ಮುಂಗಾಜಿನ ಮಂಜು ಬಿಡುವುದು ನಿಧಾನವಾಗುತ್ತಿತ್ತು. ಗಾಳಿಯನ್ನು ಕಾಯಿಸುವ ಬದಲು ಸೀಟು ಮತ್ತು ಸ್ಟೀರಿಂಗನ್ನು ಬಿಸಿ ಮಾಡಿಕೊಳ್ಳುವುದು ಇವೆಲ್ಲಕ್ಕಿಂತ ಅಗ್ಗದ ಉಪಾಯ. ಒಂದು ಸೀಟಿಗೆ ಹಳೆಯ ಬಲ್ಬಿನಷ್ಟು ವಿದ್ಯುತ್ ಸಾಕು.

ಗಾಳಿ, ಟೈರು, ರಸ್ತೆ

ಮೂರನೆಯ ಪಂಗಡ ಚಿಕ್ಕದು, ಆದರೆ ಅದರ ಮಾತು ತಳ್ಳಿಹಾಕುವಂಥದ್ದಲ್ಲ. ಮೈನಸ್ 10ರ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು 13 ಶೇಕಡ ದಟ್ಟ, ಅದನ್ನು ಸೀಳಿ ಹೋಗಲು ಅಷ್ಟೇ ಹೆಚ್ಚು ಬಲ ಬೇಕು. ಚಳಿಗೆ ಟೈರಿನ ಗಾಳಿಯ ಒತ್ತಡ ಐದಾರು ಡಿಗ್ರಿಗೆ ಒಂದು ಪಿಎಸ್‌ಐನಂತೆ ಇಳಿಯುತ್ತದೆ. ಚಳಿಗಾಲದ ಮೆತ್ತನೆ ಟೈರು, ರಸ್ತೆಯ ಮೇಲಿನ ಕೆಸರು ಹಿಮ, ಎರಡೂ ಎಳೆತ ಹೆಚ್ಚಿಸುತ್ತವೆ. ಈ ಖರ್ಚು ಪೆಟ್ರೋಲ್ ಕಾರಿಗೂ ತಪ್ಪಿದ್ದಲ್ಲ. ಆದರೆ ಬ್ಯಾಟರಿ ಕಾರು ಉಳಿದೆಲ್ಲ ಕಡೆ ಮಿತವ್ಯಯಿ ಆದ್ದರಿಂದ ಅದರಲ್ಲಿ ಈ ಸೋರಿಕೆ ಎದ್ದು ಕಾಣುತ್ತದೆ.

ಅಳತೆಗೋಲಿನ ತಕರಾರು

ಕಾರಿನ ರೇಂಜ್ ಅಳೆಯುವ ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ, ಹೀಟರ್ ಎ.ಸಿ. ಎರಡನ್ನೂ ಆರಿಸಿ. ಬೆಂಗಳೂರಿನ ಒಂದು ಹಿತವಾದ ಸಂಜೆಯ ಹವೆ ಅದು. ಸ್ಟಾಕ್‌ಹೋಮಿನಲ್ಲಿ ಕಾರು ಮಾರುವವರೂ ಆ ಅಂಕಿಯನ್ನೇ ಫಲಕದ ಮೇಲೆ ಬರೆಯುತ್ತಾರೆ. ಅಮೆರಿಕದ ಪರಿಸರ ಸಂಸ್ಥೆ ಪ್ರಯೋಗಶಾಲೆಯ ಅಂಕಿಯನ್ನು 0.7ರಿಂದ ಗುಣಿಸಿ ತೋರಿಸಲು ಬಿಡುತ್ತದೆ, ಕಂಪನಿ ಬಯಸಿದರೆ ಚಳಿಯದ್ದೂ ಸೇರಿ ಐದು ಪರೀಕ್ಷೆ ಮಾಡಿಸಬಹುದು. ಹೀಗಾಗಿ ಒಂದೇ ಕಾರಿಗೆ ಎರಡು ಖಂಡಗಳಲ್ಲಿ ಎರಡು ರೇಂಜ್. ಯಾವುದರಿಂದ ಎಷ್ಟು ಶೇಕಡ ಕಳೆಯಬೇಕು?

ನಾರ್ವೆಯ ವಾಹನ ಮಾಲೀಕರ ಸಂಘ 2020ರಿಂದ ಬೇರೊಂದು ದಾರಿ ಹಿಡಿದಿದೆ. ಹತ್ತಿಪ್ಪತ್ತು ಕಾರುಗಳನ್ನು ಒಂದೇ ದಿನ ಒಂದೇ ದಾರಿಯಲ್ಲಿ, ಬೆಟ್ಟ ಹತ್ತಿಸಿ, ಚಾರ್ಜ್ ಮುಗಿದು ನಿಲ್ಲುವವರೆಗೆ ಓಡಿಸುವುದು. ಮೊದಲ ಚಳಿಗಾಲದ ಪರೀಕ್ಷೆಯಲ್ಲಿ 20 ಕಾರುಗಳ ಸರಾಸರಿ ನಷ್ಟ ಸುಮಾರು 18.5 ಶೇಕಡ ಇತ್ತು. ಹ್ಯುಂಡೈ ಕೋನಾ 449 ಕಿಲೋಮೀಟರಿನ ಘೋಷಣೆಗೆ ಎದುರಾಗಿ 405 ಓಡಿತು. ಟೆಸ್ಲಾ ಮಾಡೆಲ್ ಎಸ್ 470 ಓಡಿ ಎಲ್ಲರಿಗಿಂತ ಮುಂದೆ ಬಂತಾದರೂ ಅದರ ಘೋಷಣೆ 610 ಇತ್ತು. ಪಟ್ಟಿಯಲ್ಲಿ ಯಾರು ಗೆದ್ದರು ಎಂದು ಹೇಗೆ ಹೇಳುವುದು, ಹೆಚ್ಚು ದೂರ ಹೋದವರೋ ಕಡಿಮೆ ಸುಳ್ಳಾಡಿದವರೋ?

ಮೂರನೆಯ ಬಗೆ ರಸ್ತೆಯಲ್ಲಿರುವ ಕಾರುಗಳಿಂದಲೇ ಮಾಹಿತಿ ಸಂಗ್ರಹಿಸುವುದು. ಕೆನಡಾದ ಜಿಯೊಟ್ಯಾಬ್ ಕಂಪನಿ 4,200 ಕಾರುಗಳ 52 ಲಕ್ಷ ಪ್ರಯಾಣಗಳನ್ನು ಜಾಲಾಡಿ, ಮೈನಸ್ 15ರಲ್ಲಿ ಘೋಷಿತ ರೇಂಜಿನ 54 ಶೇಕಡ ಮಾತ್ರ ಸಿಗುತ್ತದೆ ಎಂದಿತು. ನಾರ್ವೆಯ ಅಂಕಿಗೂ ಇದಕ್ಕೂ ಅಜಗಜಾಂತರ. ಚಳಿಯ ಮಟ್ಟ ಬೇರೆ ಎಂಬುದು ಒಂದಾದರೆ, ಒಂದು ಪರೀಕ್ಷೆಯಲ್ಲಿ ಕಾರು ಒಮ್ಮೆ ಬೆಚ್ಚಗಾಗಿ ನೂರಾರು ಕಿಲೋಮೀಟರ್ ಓಡಿತು, ಇನ್ನೊಂದರಲ್ಲಿ ಜನ ದಿನವೂ ಹತ್ತು ಸಲ ಹತ್ತಿ ಇಳಿದರು. ನನಗೆ ಕೇಳಿದರೆ ಕಾರು ಕೊಳ್ಳುವವರಿಗೆ ಎರಡನೆಯದು ಹೆಚ್ಚು ಹತ್ತಿರ, ದೂರಪ್ರಯಾಣ ಹೊರಡುವವರಿಗೆ ಮೊದಲನೆಯದು.

ಹಿಮದ ಮೇಲೆ ಹಿಡಿತ

ಓಡಿಸುವ ವಿಷಯದಲ್ಲಿ ಅಭಿಪ್ರಾಯಗಳು ಇನ್ನೂ ಚದುರಿವೆ. ಹೊಗಳುವವರ ಬಳಿ ಒಳ್ಳೆಯ ಕಾರಣಗಳಿವೆ. ಬ್ಯಾಟರಿ ನೆಲಕ್ಕೆ ಹತ್ತಿರ ಇರುವುದರಿಂದ ಭಾರವೆಲ್ಲ ಕೆಳಗೆ, ಕಾರು ತಿರುವಿನಲ್ಲಿ ವಾಲುವುದು ಕಡಿಮೆ. ಚಕ್ರ ಜಾರಿದರೆ ಮೋಟಾರಿನ ಬಲವನ್ನು ಕ್ಷಣದಲ್ಲಿ ತಗ್ಗಿಸಬಹುದು. ಎಂಜಿನ್ನು ಅಷ್ಟು ಬೇಗ ಮಾತು ಕೇಳುವುದಿಲ್ಲ. ಆಕ್ಷೇಪಿಸುವವರು ತೂಕ ತೋರಿಸುತ್ತಾರೆ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಮುನ್ನೂರು ನಾನೂರು ಕಿಲೋ ಹೆಚ್ಚು. ನುಣ್ಣನೆ ಮಂಜುಗಡ್ಡೆಯ ಮೇಲೆ ಗಂಟೆಗೆ ಐವತ್ತರಲ್ಲಿ ಬರುವ ಯಾವ ಕಾರಿಗೂ ನಿಲ್ಲಲು ಸುಮಾರು ನೂರು ಮೀಟರ್ ಬೇಕು, ಒಣ ಡಾಂಬರಿನಲ್ಲಿ ಹನ್ನೆರಡು ಹದಿಮೂರು ಸಾಕು. ಪಠ್ಯಪುಸ್ತಕದ ಭೌತಶಾಸ್ತ್ರದಲ್ಲಿ ಈ ದೂರಕ್ಕೆ ತೂಕದ ಹಂಗಿಲ್ಲ. ನಿಜವಾದ ಟೈರಿನಲ್ಲಿ ಸ್ವಲ್ಪ ಇದೆ, ಗುದ್ದಿದಾಗಿನ ಪೆಟ್ಟಿನಲ್ಲಂತೂ ಬಹಳ ಇದೆ.

ನಿಜವಾಗಿ ಹೊಸದಾದ ಸಮಸ್ಯೆ ರಿಜನರೇಟಿವ್ ಬ್ರೇಕಿಂಗಿನದು. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಮೋಟಾರು ಜನರೇಟರಾಗಿ ಚಕ್ರವನ್ನು ಹಿಡಿದೆಳೆಯುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಮೋಟಾರ್ ಇರುವ ಕಾರು ಮಂಜಿನ ತಿರುವಿನಲ್ಲಿದ್ದಾಗ ಹೀಗೆ ಕಾಲೆತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರಬಹುದು, ಹಾಗಾಗಿ ಅನುಭವಿಗಳು ಚಳಿಗಾಲದಲ್ಲಿ ಅದನ್ನು ಕಡಿಮೆ ಮಟ್ಟಕ್ಕೆ ಇಡುತ್ತಾರೆ. ಇದರ ಮೇಲೆ ಇನ್ನೊಂದು ತೊಡಕು: ತಣ್ಣಗಿನ ಬ್ಯಾಟರಿ ಆ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಬೆಳಿಗ್ಗೆ ಮನೆಯಿಂದ ಹೊರಟಾಗ ಕಾಲೆತ್ತಿದರೂ ಕಾರು ನಿಧಾನವಾಗದೆ ಸಾಗುತ್ತದೆ, ಅರ್ಧ ಗಂಟೆಯ ಮೇಲೆ ಅದೇ ಕಾಲು ಅದೇ ರೀತಿ ಎತ್ತಿದರೆ ಗಕ್ಕನೆ ಹಿಡಿಯುತ್ತದೆ. ಕೆಲವು ಕಂಪನಿಗಳು ಬ್ರೇಕನ್ನು ತಾವೇ ಒತ್ತಿ ಈ ವ್ಯತ್ಯಾಸ ಮುಚ್ಚುತ್ತವೆ, ಕೆಲವು ಚಾಲಕರಿಗೆ ಬಿಡುತ್ತವೆ. ಇತ್ತ ಉಪ್ಪು ಚೆಲ್ಲಿದ ರಸ್ತೆಯಲ್ಲಿ ಬ್ರೇಕ್ ಡಿಸ್ಕಿಗೆ ಕೆಲಸವೇ ಇಲ್ಲದೆ ತುಕ್ಕು ಹಿಡಿಯುವುದೂ ಉಂಟು.

ಇಷ್ಟೆಲ್ಲ ಚರ್ಚೆಯ ನಡುವೆ ಟೈರಿನ ಮಾತು ಮುಚ್ಚಿಹೋಗುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಇದ್ದರೆ ಹೊರಡುವುದು ಸಲೀಸು, ನಿಲ್ಲುವುದಕ್ಕೆ ಅದು ಒದಗದು. ಕೆನಡಾದ ಕ್ವಿಬೆಕ್ ಪ್ರಾಂತ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿದೆ, ಕಾರು ಯಾವುದರಿಂದ ಓಡಿದರೂ ಸರಿ.

ಮನೆಯ ಪ್ಲಗ್ಗು

ಇನ್ನೊಂದು ಪಂಗಡ ಕಾರಿನ ಒಳಗೆ ನೋಡುವುದನ್ನೇ ಬಿಟ್ಟು, ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತದೆ. ನಾರ್ವೆಯ ಮಾಲೀಕರಲ್ಲಿ ಹೆಚ್ಚಿನವರು ಮನೆಯಲ್ಲೇ ಚಾರ್ಜ್ ಮಾಡುತ್ತಾರೆ. ಹೊರಡುವ ಮೊದಲು ಗೋಡೆಯ ವಿದ್ಯುತ್ತಿನಿಂದಲೇ ಬ್ಯಾಟರಿ, ಸೀಟು, ಗಾಜು ಬೆಚ್ಚಗಾಗಿರುತ್ತವೆ. ಮೇಲೆ ಲೆಕ್ಕ ಹಾಕಿದ ಆ ಒಂದೂಕಾಲು ಯೂನಿಟ್ ಬ್ಯಾಟರಿಯ ಖಾತೆಗೆ ಬರುವುದೇ ಇಲ್ಲ. ಶಿಕಾಗೊದ ಸಾಲಿನಲ್ಲಿ ಸಿಕ್ಕಿಕೊಂಡವರಲ್ಲಿ ಮನೆಯಲ್ಲಿ ಪ್ಲಗ್ ಇಲ್ಲದೆ ಬಾಡಿಗೆ ಓಡಿಸುವ ಚಾಲಕರು ಅನೇಕರಿದ್ದರು. ಕೆನಡಾದ ವಿನಿಪೆಗ್‌ನಂಥ ಊರುಗಳಲ್ಲಿ ಪೆಟ್ರೋಲ್ ಕಾರಿನ ಎಂಜಿನ್ ಹೆಪ್ಪುಗಟ್ಟದಿರಲೆಂದು ರಾತ್ರಿಯಿಡೀ ಪ್ಲಗ್‌ಗೆ ಹಾಕಿಡುವ ರೂಢಿ ದಶಕಗಳಿಂದ ಇದೆ. ಅದನ್ನು ಯಾರೂ ಪೆಟ್ರೋಲ್ ಕಾರಿನ ಸೋಲು ಎಂದದ್ದಿಲ್ಲ.

ಹಿಮದಲ್ಲಿ ಸಿಕ್ಕಿಕೊಂಡರೆ ಏನು ಗತಿ ಎಂಬ ಭಯ 2022ರ ಜನವರಿಯಲ್ಲಿ ಜೋರಾಯಿತು. ವರ್ಜೀನಿಯಾದ ಐ-95 ಹೆದ್ದಾರಿಯಲ್ಲಿ ಸಾವಿರಾರು ವಾಹನಗಳು ರಾತ್ರಿಯಿಡೀ ನಿಂತವು. ಸೆನೆಟರ್ ಟಿಮ್ ಕೇನ್ ಅಲ್ಲಿ 27 ಗಂಟೆ ಕಳೆದರು. ಎಲ್ಲರದೂ ಬ್ಯಾಟರಿ ಕಾರಾಗಿದ್ದರೆ ಎಂದು ಪತ್ರಿಕೆಗಳು ಕೇಳಿದವು. ಅರ್ಧ ಚಾರ್ಜ್ ಇರುವ 60 ಯೂನಿಟ್‌ನ ಬ್ಯಾಟರಿಯಲ್ಲಿ 30 ಯೂನಿಟ್ ಉಳಿದಿರುತ್ತದೆ, ನಿಂತ ಕಾರನ್ನು ಬೆಚ್ಚಗಿಡಲು ಒಂದೂವರೆ ಕಿಲೋವ್ಯಾಟ್ ಎಂದರೂ ಇಪ್ಪತ್ತು ಗಂಟೆ ಸಿಗುತ್ತದೆ. ಹೊಗೆನಳಿಗೆ ಹಿಮದಲ್ಲಿ ಮುಚ್ಚಿ ಕಾರ್ಬನ್ ಮೊನಾಕ್ಸೈಡ್ ಒಳನುಗ್ಗುವ ಅಪಾಯವೂ ಇಲ್ಲ. ಆದರೆ ಹತ್ತು ಶೇಕಡ ಚಾರ್ಜ್ ಇದ್ದವರ ಲೆಕ್ಕ ಬೇರೆ. ಪೆಟ್ರೋಲಾದರೆ ಕ್ಯಾನಿನಲ್ಲಿ ತಂದು ಸುರಿಯಬಹುದು.

ನಮ್ಮ ಕಡೆಗೆ ಈ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ. ಮನಾಲಿಯಿಂದ ರೋಹ್ತಾಂಗ್ ಕಡೆಗೆ 2017ರಲ್ಲೇ ಹಿಮಾಚಲ ಸಾರಿಗೆ ನಿಗಮ ವಿದ್ಯುತ್ ಬಸ್ ಓಡಿಸಿದೆ, ಲಡಾಖಿನ ದಾರಿಯಲ್ಲಿ ಚಳಿಯ ಲೆಕ್ಕ ಬೇಕು. ಕರ್ನಾಟಕಕ್ಕೆ ಬೇಕಾದದ್ದು ಬಿಸಿಲಿನ ಲೆಕ್ಕ. ಎಎಎ ಪರೀಕ್ಷೆಯಲ್ಲೇ 35 ಡಿಗ್ರಿಯಲ್ಲಿ ಎ.ಸಿ. ಹಾಕಿದಾಗಿನ ನಷ್ಟ 17 ಶೇಕಡ, ಚಳಿಯ ನಷ್ಟದ ಅರ್ಧಕ್ಕಿಂತ ಕಡಿಮೆ. ಆದರೆ ಚಳಿಯಲ್ಲಿ ಕಳೆದದ್ದು ವಸಂತಕ್ಕೆ ಮರಳುತ್ತದೆ, ಕಲಬುರಗಿಯ ಮೇ ತಿಂಗಳು ಬ್ಯಾಟರಿಯ ಆಯುಷ್ಯದಿಂದ ಕಿತ್ತುಕೊಂಡದ್ದು ಮರಳುವುದಿಲ್ಲ. ಟೊರಾಂಟೊದಲ್ಲಿರುವ ಮಗಳು ಬ್ಯಾಟರಿ ಕಾರು ಕೊಳ್ಳಲು ಹೊರಟಾಗ ಚಳಿಯ ಹೆದರಿಕೆ ಹುಟ್ಟಿಸುವ ರಾಯಚೂರಿನ ಅಪ್ಪ ಇದನ್ನೂ ಗಮನಿಸಬಹುದು.

ತೀರದ ಪ್ರಶ್ನೆಗಳು

ಸೋಡಿಯಂ ಬ್ಯಾಟರಿ ಇದನ್ನೆಲ್ಲ ಬದಲಿಸುತ್ತದೆಯೇ? ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್, 2025ರ ಏಪ್ರಿಲ್‌ನಲ್ಲಿ ತಾನು ಪ್ರಕಟಿಸಿದ ಸೋಡಿಯಂ ಬ್ಯಾಟರಿ ಮೈನಸ್ 40ರಲ್ಲೂ ಕೆಲಸ ಮಾಡುತ್ತದೆ ಎನ್ನುತ್ತದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಸೋಡಿಯಂ ಮೇಲೆ ಕೆಲಸ ನಡೆದಿದೆ. ಆದರೆ ಅದು ಮೊದಲ ಪಂಗಡದ ಪ್ರಶ್ನೆಗೆ ಮಾತ್ರ ಉತ್ತರ. ಒಳಗೆ ಕೂತವರಿಗೆ ಚಳಿ ಆಗುವುದನ್ನು ಯಾವ ಬ್ಯಾಟರಿಯೂ ತಪ್ಪಿಸದು, ಅಷ್ಟೇ ತೂಕಕ್ಕೆ ಸೋಡಿಯಂ ಹಿಡಿಯುವ ಶಕ್ತಿಯೂ ಕಡಿಮೆ.

ಚಳಿಗಾಲದ ರೇಂಜನ್ನು ಫಲಕದ ಮೇಲೆ ಬರೆಯಲೇಬೇಕು ಎಂಬ ನಿಯಮ ತರುವುದಾದರೆ ಯಾವ ಉಷ್ಣತೆಯಲ್ಲಿ, ಎಷ್ಟು ಕಿಲೋಮೀಟರಿನ ಪ್ರಯಾಣಕ್ಕೆ ಅಳೆಯಬೇಕು ಎಂಬುದರಲ್ಲಿ ಒಮ್ಮತ ಮೂಡಿಲ್ಲ. ಮಂಜಿನ ಮೇಲೆ ರಿಜನರೇಟಿವ್ ಬ್ರೇಕಿಂಗನ್ನು ಯಾರು ನಿಭಾಯಿಸಬೇಕು, ಕಾರೋ ಚಾಲಕನೋ ಎಂಬುದರಲ್ಲೂ ಇಲ್ಲ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದು ಹಳೆಯ ಕಾರುಗಳ ಸಂಗತಿ. ಇಲ್ಲಿಯವರೆಗಿನ ಹೆಸರುವಾಸಿ ಪರೀಕ್ಷೆಗಳೆಲ್ಲ ಬಹುಪಾಲು ಹೊಸ ಕಾರುಗಳ ಮೇಲೆ ನಡೆದವು. ಹತ್ತು ವರ್ಷ ಸವೆದ ಬ್ಯಾಟರಿಯ ಪ್ರತಿರೋಧ ಬೆಚ್ಚಗಿರುವಾಗಲೇ ಹೆಚ್ಚಿರುತ್ತದೆ, ಚಳಿ ಅದನ್ನು ಇನ್ನಷ್ಟು ಏರಿಸುತ್ತದೆ. ಅಂಥ ಕಾರು ಎರಡನೇ ಮೂರನೇ ಕೈಗೆ ಅಗ್ಗದ ಬೆಲೆಗೆ ಮಾರಾಟವಾಗಿ, ಸ್ವಂತ ಗ್ಯಾರೇಜು ಮತ್ತು ಪ್ಲಗ್ಗು ಇಲ್ಲದ ಬಾಡಿಗೆ ಮನೆಯವರ ಬಳಿಗೆ, ಬೀದಿ ಬದಿಯ ಹಿಮಕ್ಕೆ ಬಂದು ನಿಲ್ಲುವ ಕಾಲ ಆಸ್ಲೊದಲ್ಲೂ ಶಿಕಾಗೊದಲ್ಲೂ ಶುರುವಾಗಿದೆ. ಅಲ್ಲಿ ಎಷ್ಟು ಕಿಲೋಮೀಟರ್ ಉಳಿಯುತ್ತದೆ, ಬೀದಿಯಲ್ಲಿ ಪ್ಲಗ್ಗು ಹಾಕಿಸುವ ಖರ್ಚು ನಗರಸಭೆಯದೋ ವಿದ್ಯುತ್ ಕಂಪನಿಯದೋ ಎಂಬ ಎರಡೂ ಲೆಕ್ಕಗಳು ಇನ್ನು ಆಗಬೇಕು.